ಹೊಸ ಬಣ್ಣದ ಹಳೇ ದೋಣಿ: ಮುಂಗಡ ಕೊಡುವ ಮುಂಚೆ ಹಿಂಬದಿ ಹಲಗೆ ಬಡಿದು ನೋಡಿ

ಪ್ರಶ್ನೆ: ನಮ್ಮದು ಗಂಗೊಳ್ಳಿ ಹತ್ತಿರದ ಊರು. ಹನ್ನೆರಡು ವರ್ಷ ಮುಂಬೈಯಲ್ಲಿ ಹೋಟೆಲ್ ಕೆಲಸ ಮಾಡಿ ಈಗ ವಾಪಸ್ ಬಂದಿದ್ದೇನೆ. ತಮ್ಮನೂ ನಾನೂ ಸೇರಿ ಕಂತಬಲೆ (ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ) ಹಾಕುವ ಯೋಚನೆ. 8 ವರ್ಷ ಹಳೆಯ 28 ಅಡಿಯ ಫೈಬರ್ ದೋಣಿಯೊಂದು ಇಂಜಿನ್ ಸಮೇತ ಮಾರಾಟಕ್ಕಿದೆ. ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆ. ಈಗಷ್ಟೇ ಬಣ್ಣ ಹೊಡೆದಿದ್ದಾರೆ. ಅಡಿಯಲ್ಲಿ ಅಲ್ಲಲ್ಲಿ ಬೊಕ್ಕೆಗಳಿವೆ. ಮಾರುವವರು "ಫೈಬರ್ ಅಂದ್ರೆ ಆಯುಷ್ಯಪೂರ್ತಿ, ಏನೂ ಮಾಡ್ಬೇಕಿಲ್ಲ" ಎನ್ನುತ್ತಾರೆ. ದೊಡ್ಡಪ್ಪ ಮಾತ್ರ "ಅದನ್ನು ತಗೊಳ್ಳಬೇಡ, ಅಪ್ಪನ ಮರದ ದೋಣಿ ಶೆಡ್ಡಿನಲ್ಲಿದೆಯಲ್ಲ, ಅದಕ್ಕೇ ಫೈಬರ್ ಹೊದಿಸು" ಎನ್ನುತ್ತಾರೆ. ಅದು ನೀರಿಗಿಳಿಯದೆ ಆರು ವರ್ಷವಾಯಿತು. ಮಾರಾಟಕ್ಕಿರುವ ದೋಣಿಯ ಇಂಜಿನ್ ಸೀಮೆಎಣ್ಣೆಯದು. ಏನು ಮಾಡಲಿ? ಬಣ್ಣ ಯಾವುದು ಒಳ್ಳೆಯದು ಎಂದು ತಂಗಿಯೂ ಕೇಳುತ್ತಿದ್ದಾಳೆ.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮೊದಲು ಚುಚ್ಚಿದ್ದು ಬೊಕ್ಕೆಯಲ್ಲ, "ಈಗಷ್ಟೇ ಬಣ್ಣ ಹೊಡೆದಿದ್ದಾರೆ" ಎಂಬ ಮಾತು. ದೋಣಿ ರಿಪೇರಿಯ ಕೆಲಸದಲ್ಲಿ ಇಪ್ಪತ್ತೈದು ವರ್ಷ ಕಳೆದಿದ್ದೇನೆ. ಮಾರುವ ಮುಂಚೆ ಬಣ್ಣ ಹೊಡೆಯುವುದು ತಪ್ಪೇನಲ್ಲ, ಮನೆ ಮಾರುವವರೂ ಸುಣ್ಣ ಬಳಿಯುತ್ತಾರೆ. ಆದರೆ ಫೈಬರ್ ದೋಣಿಯ ಕಾಯಿಲೆಗಳೆಲ್ಲ ಮೊದಲು ಕಾಣಿಸುವುದು ಮೈಮೇಲಿನ ಸಣ್ಣ ಬಿರುಕಿನಲ್ಲಿ, ಕಲೆಯಲ್ಲಿ. ಹೊಸ ಬಣ್ಣ ಅದನ್ನೇ ಮುಚ್ಚಿಬಿಡುತ್ತದೆ. ಬಣ್ಣದ ಮೇಲೂ ಬೊಕ್ಕೆ ಎದ್ದು ಕಾಣುತ್ತಿದೆ ಎಂದರೆ ಅದು ಪಾಪ, ಪ್ರಾಮಾಣಿಕ ಬೊಕ್ಕೆ. ನನಗೆ ಭಯ ಇರುವುದು ಕಾಣದೇ ಇರುವುದರ ಬಗ್ಗೆ.

ಮಾರುವವರ ಮಾತಿನಲ್ಲಿ ಅರ್ಧ ನಿಜ ಇದೆ. ಗಾಜಿನ ನಾರು, ಅದನ್ನು ಅಂಟಿಸಿ ಗಟ್ಟಿ ಮಾಡುವ ರೆಸಿನ್ ಎರಡೂ ಮರದ ಹಾಗೆ ಕೊಳೆಯುವುದಿಲ್ಲ, ಹುಳ ಹಿಡಿಯುವುದಿಲ್ಲ. ಆದರೆ ನಮ್ಮ ಕಡೆಯ ಫೈಬರ್ ದೋಣಿಯೊಳಗೆ ಮರ ಇರುತ್ತದೆ! ಇಂಜಿನ್ ಕಚ್ಚಿ ನಿಲ್ಲುವ ಹಿಂಬದಿ ಹಲಗೆ, ಯಾರ್ಡಿನವರು ಟ್ರಾನ್ಸಮ್ ಎನ್ನುತ್ತಾರಲ್ಲ, ಅದು ಸಾಮಾನ್ಯವಾಗಿ ಪ್ಲೈವುಡ್. ಅದರ ಎರಡೂ ಕಡೆ ಫೈಬರ್ ಹೊದಿಸಿರುತ್ತಾರೆ. ಅಡ್ಡ ಹಲಗೆಗಳ ಒಳಗೆ, ಅಂಚಿನ ಒಳಗೆ, ಅಡಿಯ ಉದ್ದ ಪಟ್ಟಿಗಳ ಒಳಗೂ ಎಷ್ಟೋ ಸಲ ಮರವೇ ಇರುತ್ತದೆ. ಇಂಜಿನ್ ಕೂರಿಸಲು ಬೋಲ್ಟ್ ತೂತು ಕೊರೆಯುತ್ತಾರೆ. ಹಗ್ಗದ ಬಳೆಗೊಂದು ತೂತು, ನೀರು ಹೊರಹಾಕಲು ಇನ್ನೊಂದು. ಆ ತೂತಿನ ಒಳಗೋಡೆಗೆ ರೆಸಿನ್ ಬಳಿಯದೆ ಬಿಟ್ಟರೆ ನೀರು ಸದ್ದಿಲ್ಲದೆ ಒಳಗೆ ಸೇರುತ್ತದೆ. ಹೊರಗೆ ಬರಲು ದಾರಿ ಇಲ್ಲ. ನಾಲ್ಕೈದು ವರ್ಷದಲ್ಲಿ ಒಳಗಿನ ಪ್ಲೈ ನೆನೆದ ರಸ್ಕಿನ ಹಾಗೆ ಆಗಿರುತ್ತದೆ, ಹೊರಗೆ ಮಾತ್ರ ಫಳಫಳ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಅಲೆಗೆ ಎದುರಾಗಿ ಇಂಜಿನ್ ಪೂರ್ತಿ ಕೊಟ್ಟಾಗಲೇ ಇಂಥ ಹಲಗೆ ಬಾಯಿ ಬಿಡುವುದು.

ಇಲ್ಲೊಂದು ವಿಷಯ ಹೇಳಿದರೆ ಎಷ್ಟೋ ಮಂದಿ ನಂಬುವುದಿಲ್ಲ. ಈ ಮರ ಕೊಳೆಸುವುದು ಸಮುದ್ರದ ನೀರಿಗಿಂತ ಮಳೆನೀರು ಜಾಸ್ತಿ. ಮರ ತಿನ್ನುವ ಬೂಷ್ಟಿಗೆ ಉಪ್ಪು ಆಗಿಬರುವುದಿಲ್ಲ. ಮಳೆಗಾಲದಲ್ಲಿ ದಡಕ್ಕೆ ಎಳೆದಿಟ್ಟ ದೋಣಿಯೊಳಗೆ ತಿಂಗಳುಗಟ್ಟಲೆ ನಿಲ್ಲುವ ಸಿಹಿನೀರೇ ಅದಕ್ಕೆ ಹಬ್ಬ. ಹಾಗಾಗಿ ನೀವು ಕೇಳಬೇಕಾದ ಮೊದಲ ಪ್ರಶ್ನೆ "ದೋಣಿ ಎಷ್ಟು ವರ್ಷ ಹಳೆಯದು" ಅಂತಲ್ಲ, "ಮಳೆಗಾಲದಲ್ಲಿ ಎಲ್ಲಿ, ಹೇಗೆ ಇಟ್ಟಿದ್ದಿರಿ" ಅಂತ.

ಈಗ ನೋಡುವ ಬಗೆ. ಬೆಳಗಿನ ಹೊತ್ತು ಹೋಗಿ, ಇಂಜಿನ್ ಹಲಗೆಯ ಮೇಲೇ ಇರಲಿ. ಇಂಜಿನ್ನಿನ ಕೆಳಕಾಲನ್ನು ಹಿಡಿದು ಮೇಲಕ್ಕೆ ಕೆಳಕ್ಕೆ ಜಗ್ಗಿ. ತಮ್ಮ ಹಲಗೆಯ ಮೇಲೇ ಕಣ್ಣಿಟ್ಟು ನಿಲ್ಲಲಿ. ಹಲಗೆ ಬಗ್ಗಿದರೆ, ಅಥವಾ ಹಲಗೆ ಮೈಗೆ ಸೇರುವ ಮೂಲೆಯಲ್ಲಿ ಕೂದಲೆಳೆಯಷ್ಟು ಸೀಳು ತೆರೆದು ಮುಚ್ಚಿದರೆ, ಅಲ್ಲಿಗೆ ಮಾತು ಮುಗಿಯಿತು. ಬಗ್ಗದಿದ್ದರೆ ಒಂದು ಪ್ಲಾಸ್ಟಿಕ್ ಸುತ್ತಿಗೆ, ಇಲ್ಲವೇ ದೊಡ್ಡ ನಾಣ್ಯ ತೆಗೆದುಕೊಂಡು ಅಂಗೈಯಗಲ ಬಿಡದೆ ಬಡಿಯುತ್ತಾ ಹೋಗಿ. ಗಟ್ಟಿ ಜಾಗದಲ್ಲಿ ಟಣ್ ಎನ್ನುತ್ತದೆ. ನೀರು ಕುಡಿದ ಜಾಗ, ಪದರ ಬಿಟ್ಟ ಜಾಗ ಡಬ್ ಎನ್ನುತ್ತದೆ. ತೆಂಗಿನಕಾಯಿ ಬಡಿದು ಆರಿಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಡಬ್ ಎಂದ ಕಡೆ ಪೆನ್ಸಿಲಿನಲ್ಲಿ ಗುರುತು ಮಾಡಿ.

ಕೊನೆಗೆ ಒಂದು ನಿಷ್ಠುರದ ಕೆಲಸ ಇದೆ. ಹಲಗೆಯ ಒಳಬದಿಯಲ್ಲಿ, ಕೆಳಗಿನ ಮೂಲೆ ಹತ್ತಿರ, ಒಂದೇ ಒಂದು ಸಣ್ಣ ತೂತು ಕೊರೆಯಲು ಅನುಮತಿ ಕೇಳಿ. ಬರುವ ಪುಡಿ ಒಣಗಿದ್ದು ಹೊಸ ಮರದ ವಾಸನೆ ಇದ್ದರೆ ಸಂತೋಷ. ಕಪ್ಪಗೆ, ಒದ್ದೆಯಾಗಿ, ಹುಳಿ ವಾಸನೆ ಬಂದರೆ ಒಳಗೆ ಏನೂ ಉಳಿದಿಲ್ಲ. ತೂತನ್ನು ಎಪಾಕ್ಸಿ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟು) ತುಂಬಿ ಮುಚ್ಚುವುದು ಹತ್ತು ನಿಮಿಷದ ಕೆಲಸ, ಖರ್ಚು ನಿಮ್ಮದೇ ಎಂದು ಹೇಳಿಬಿಡಿ. ಒಳ್ಳೆಯ ದೋಣಿ ಇಟ್ಟುಕೊಂಡವರು ಸ್ವಲ್ಪ ಗೊಣಗಿ ಒಪ್ಪುತ್ತಾರೆ. ಸಿಟ್ಟಾದರೆ ನೀವು ಚಹಾ ಕುಡಿದು ಎದ್ದು ಬನ್ನಿ.

ಹಲಗೆ ಕೆಟ್ಟಿದ್ದರೆ ದೋಣಿಯೇ ದಂಡವೇ? ಹಾಗೇನಿಲ್ಲ. ಹಳೇ ಪ್ಲೈ ಪೂರ್ತಿ ಕಿತ್ತು ಹೊಸದು ಕೂರಿಸಬಹುದು. ನಾನೇ ಎಷ್ಟೋ ಮಾಡಿದ್ದೇನೆ. ಆದರೆ ಅದು ದೊಡ್ಡ ಕೆಲಸ, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಂಡೇ ಕೊಳ್ಳಬೇಕು. ಮೇಲಿನಿಂದ ಇನ್ನೆರಡು ಪದರ ಫೈಬರ್ ಅಂಟಿಸಿ "ಸ್ಟ್ರಾಂಗ್ ಮಾಡಿದ್ದೇವೆ" ಎನ್ನುವ ರಿಪೇರಿ ಮಾತ್ರ ಬೇಡ.

ಇನ್ನು ನಿಮ್ಮ ಬೊಕ್ಕೆ. ಇದಕ್ಕೆ ಹೆದರುವವರೂ ಜಾಸ್ತಿ, ತೀರಾ ಲಘುವಾಗಿ ತೆಗೆದುಕೊಳ್ಳುವವರೂ ಜಾಸ್ತಿ. ದೋಣಿಯ ಹೊರಮೈಯ ಹೊಳಪಿನ ಪದರಕ್ಕೆ ಜೆಲ್‌ಕೋಟ್ ಎನ್ನುತ್ತಾರೆ. ಅದು ನೀರನ್ನು ತಡೆಯುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ತಿಂಗಳುಗಟ್ಟಲೆ ನೀರಿನಲ್ಲೇ ಇದ್ದ ದೋಣಿಯಲ್ಲಿ ಸ್ವಲ್ಪ ಸ್ವಲ್ಪವೇ ತೇವ ಒಳಗಿಳಿಯುತ್ತದೆ. ರೆಸಿನ್ ಸರಿಯಾಗಿ ಗಟ್ಟಿಯಾಗದೆ ಉಳಿದ ಅಂಶಗಳು ಆ ತೇವದಲ್ಲಿ ಕರಗಿ ಮಂದವಾದ ದ್ರವವಾಗುತ್ತವೆ. ಮಂದ ದ್ರವ ಹೊರಗಿನ ತೆಳು ನೀರನ್ನು ತನ್ನ ಕಡೆ ಎಳೆಯುತ್ತದೆ. ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಉಬ್ಬುತ್ತದಲ್ಲ, ಅದೇ ಲೆಕ್ಕ. ಒತ್ತಡ ಹೆಚ್ಚಿ ಜೆಲ್‌ಕೋಟ್ ಉಬ್ಬಿ ಬೊಕ್ಕೆ. ಹೊರಗಿನ ನೀರು ಸಿಹಿಯಾದಷ್ಟೂ ಎಳೆತ ಜಾಸ್ತಿ. ನಿಮ್ಮ ಪಂಚಗಂಗಾವಳಿ ಮಳೆಗಾಲದಲ್ಲಿ ಸಿಹಿನೀರಿನ ಹೊಳೆ. ಅಲ್ಲೇ ಲಂಗರು ಹಾಕಿಟ್ಟ ಫೈಬರ್ ದೋಣಿಗೆ ಬೊಕ್ಕೆ ಏಳುವುದು ಆಶ್ಚರ್ಯವೇನಲ್ಲ. ಅದೇ ದೋಣಿಯನ್ನು ದಿನಾ ಮರಳಿಗೆ ಎಳೆಯುವ ಊರಿನಲ್ಲಿ ಇಟ್ಟಿದ್ದರೆ ಬೊಕ್ಕೆ ಕಡಿಮೆ, ಆದರೆ ಅಡಿಯ ನಡುವಿನ ಉದ್ದ ಏಣು ಸವೆದು ನಾರು ಹೊರಗೆ ಬಂದಿರುತ್ತಿತ್ತು. ಅದಕ್ಕೇ ಏಣಿನ ಉದ್ದಕ್ಕೂ ಕೈಯಾಡಿಸಿ ನೋಡಿ. ಕೈಗೆ ಬಟ್ಟೆ ಸುತ್ತಿಕೊಳ್ಳಿ, ಗಾಜಿನ ನಾರು ಚುಚ್ಚಿದರೆ ಎರಡು ದಿನ ಉರಿ.

ಒಂದೆರಡು ಬೊಕ್ಕೆ ಒಡೆದು ನೋಡಿ. ಕಣ್ಣಿಗೆ ಕನ್ನಡಕ ಇರಲಿ, ಒಳಗಿನ ದ್ರವ ಒತ್ತಡದಲ್ಲಿ ಚಿಮ್ಮುತ್ತದೆ. ವಿನೆಗರಿನಂಥ ಹುಳಿ ವಾಸನೆ, ಕೈಗೆ ಅಂಟು ಅಂಟು. ಬರೀ ಜೆಲ್‌ಕೋಟಿನ ಅಡಿಯಲ್ಲಿ ನಿಂತಿದ್ದು, ಕೆಳಗಿನ ನಾರು ಗಟ್ಟಿ ಇದ್ದರೆ ಅದು ಚರ್ಮದ ಕಾಯಿಲೆ. ಅದರಿಂದ ದೋಣಿ ಮುಳುಗುವುದಿಲ್ಲ. ಚಾಕುವಿನ ತುದಿ ನಾರಿನ ಪದರದೊಳಗೂ ಮೆತ್ತಗೆ ಇಳಿದರೆ, ಅಂಥ ಬೊಕ್ಕೆ ಅಡಿಯ ತುಂಬಾ ಇದ್ದರೆ, ಬಿಟ್ಟುಬಿಡಿ.

ರಿಪೇರಿಯ ಗುಟ್ಟೆಲ್ಲ ಒಣಗಿಸುವುದರಲ್ಲಿದೆ. ಬೊಕ್ಕೆ ತೆರೆದು, ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ವಾರಗಟ್ಟಲೆ ಗಾಳಿಗೆ ಬಿಡಬೇಕು. ಆಮೇಲೆ ಎಪಾಕ್ಸಿ ತುಂಬಿ, ಉಜ್ಜಿ, ಮೇಲೆ ಎಪಾಕ್ಸಿಯದೇ ತಡೆಪದರ. ಫೆಬ್ರವರಿಯಿಂದ ಏಪ್ರಿಲ್ ಇದಕ್ಕೆ ಒಳ್ಳೆಯ ಕಾಲ. ಕೆಲಸ ಕಲಿತ ಹೊಸದರಲ್ಲಿ ನಾನು ಗಿರಾಕಿಯ ಅವಸರಕ್ಕೆ ಬಿದ್ದು ಜುಲೈ ತಿಂಗಳಲ್ಲಿ ಟಾರ್ಪಾಲಿನ ಅಡಿಯಲ್ಲಿ ಬೊಕ್ಕೆ ಮುಚ್ಚಿದ್ದೆ. ನೋಡಲು ಬಹಳ ಚೆಂದ ಬಂದಿತ್ತು. ಮುಂದಿನ ಮಾರ್ಚಿಗೆ ಅಷ್ಟೂ ತೇಪೆ ಹಪ್ಪಳದ ಹಾಗೆ ಎದ್ದವು. ದುಡ್ಡು ವಾಪಸ್ ಕೊಟ್ಟೆ, ಬೈಗುಳ ಬೇರೆ. ಎಂ-ಸೀಲ್ ಬಗ್ಗೆ ಎಲ್ಲರೂ ಕೇಳುತ್ತಾರೆ: ಕಡಲಲ್ಲಿ ತೂತು ಬಿದ್ದರೆ ದಡ ಸೇರಲು ಅದು ದೇವರು. ದಡ ಸೇರಿದ ಮೇಲೂ ಅದನ್ನೇ ನಂಬಿ ಕೂರಬಾರದು.

ನೀವೇ ಫೈಬರ್ ಕೆಲಸಕ್ಕೆ ಕೈ ಹಾಕುವುದಾದರೆ ಒಂದು ಎಚ್ಚರಿಕೆ. ಪಾಲಿಯೆಸ್ಟರ್ ರೆಸಿನ್‌ಗೆ ಹಾಕುವ ಕೋಬಾಲ್ಟ್ ಮತ್ತು ಹಾರ್ಡನರ್ ಇವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಲೇಬೇಡಿ. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಒಂದನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿದ ಮೇಲಷ್ಟೇ ಇನ್ನೊಂದು. ಹಾರ್ಡನರ್ ಕಣ್ಣಿಗೆ ಹಾರಿದರೆ ದೃಷ್ಟಿಗೇ ಸಂಚಕಾರ.

ಈಗ ದೊಡ್ಡಪ್ಪನವರ ಸಲಹೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ. ಮರದ ದೋಣಿ ಬಗ್ಗೆ ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಹೆಬ್ಬಲಸಿನ ದೋಣಿ ಅಲೆಯ ಮೇಲೆ ಕೂರುವ ಭಾರವೇ ಬೇರೆ, ಫೈಬರ್ ದೋಣಿ ಅದರ ಮುಂದೆ ಸ್ವಲ್ಪ ಚಂಚಲ. ಆದರೆ ಹಳೇ ಮರಕ್ಕೆ ಫೈಬರ್ ಹೊದಿಸುವ ಮಾತಿಗೆ ನಾನು ಒಪ್ಪುವುದಿಲ್ಲ. ಅಪ್ಪ ಆ ದೋಣಿಗೆ ವರ್ಷ ವರ್ಷ ಮೀನೆಣ್ಣೆಯೋ ಗೇರೆಣ್ಣೆಯೋ ಬಳಿದಿರುತ್ತಾರೆ, ಅಲ್ವಾ? ಆ ಎಣ್ಣೆ ಕುಡಿದ ಮರಕ್ಕೆ ರೆಸಿನ್ ಕಚ್ಚುವುದಿಲ್ಲ. ಕಚ್ಚಿದರೂ ಮರ ನೀರಿಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಫೈಬರ್ ಅದರ ಜೊತೆ ಅಷ್ಟು ಹಿಗ್ಗಿ ಕುಗ್ಗುವುದಿಲ್ಲ. ಎಲ್ಲೋ ಒಂದು ಕಡೆ ಬಿಡುತ್ತದೆ. ಬಿಟ್ಟ ಸಂದಿಯಲ್ಲಿ ನೀರು ನಿಂತು, ಮೊದಲು ಹೇಳಿದ ಹಿಂಬದಿ ಹಲಗೆಯ ಕತೆಯೇ ಇಡೀ ದೋಣಿಗೆ ಬರುತ್ತದೆ. ಮರದ ದೋಣಿ ಸೋರಿದರೆ ಕಾಣುತ್ತದೆ. ಹೊದಿಸಿದ ದೋಣಿಯೊಳಗೆ ಏನಾಗಿದೆ ಎಂದು ದೇವರಿಗೇ ಗೊತ್ತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ರಬ್ಬರ್ ಮರದ ದೋಣಿಗೆ ಫೈಬರ್ ಹೊದಿಸಿ ತೋರಿಸಿದ್ದು ನಿಜ. ಆದರೆ ಅದು ಔಷಧ ಹಾಕಿ ಸಂಸ್ಕರಿಸಿದ ಹೊಸ ಮರ. ಶೆಡ್ಡಿನ ಹಳೇ ದೋಣಿಗೆ ಆ ಲೆಕ್ಕ ಹೊಂದುವುದಿಲ್ಲ.

ಹಾಗಂತ ಅಪ್ಪನ ದೋಣಿಯನ್ನು ಸೌದೆ ಮಾಡಬೇಡಿ. ಚೂಪಾದ ಚೂರಿಯಿಂದ ಅಡಿ ಹಲಗೆಗಳನ್ನು, ಮೊಳೆ ಸುತ್ತಮುತ್ತ, ಚುಚ್ಚಿ ನೋಡಿ. ಹುಳ ಹಿಡಿದ ಮರ ಮೇಲೆ ಸೂಜಿಮೊನೆಯಷ್ಟೇ ತೂತು ತೋರಿಸುತ್ತದೆ, ಒಳಗೆ ಜೇನುಗೂಡು. ಅಂದಹಾಗೆ ಅದು ಹುಳವೇ ಅಲ್ಲ, ಚಿಪ್ಪಿನ ಜಾತಿಯದು, ನಮ್ಮ ಮರುವಾಯಿಯ ದೂರದ ನೆಂಟ. ಮರಿಯಾಗಿದ್ದಾಗ ಒಳಗೆ ಸೇರಿಕೊಂಡು ಮರದ ಎಳೆಗುಂಟ ಕೊರೆಯುತ್ತಾ ಬೆಳೆಯುತ್ತದೆ. ಅದಕ್ಕೆ ಉಪ್ಪುನೀರೇ ಬೇಕು. ಸಿಹಿನೀರಿನಲ್ಲಿ, ದಡದ ಒಣಹವೆಯಲ್ಲಿ ಸಾಯುತ್ತದೆ. ಮರದ ದೋಣಿಯನ್ನು ಆಗಾಗ ಮೇಲೆಳೆದು ಒಣಗಿಸುತ್ತಿದ್ದ ಹಿರಿಯರ ರೂಢಿಗೆ ಇದೂ ಒಂದು ಕಾರಣ. ನೋಡಿ, ಹೊಳೆಯ ಮಳೆಗಾಲದ ನೀರು ಹುಳಕ್ಕೆ ಯಮ, ಫೈಬರಿಗೆ ಬೊಕ್ಕೆ.

ಆರು ವರ್ಷ ಶೆಡ್ಡಿನಲ್ಲಿ ಒಣಗಿದ ಮರದ ಸಂದುಗಳು ಈಗ ಬೆರಳು ತೂರುವಷ್ಟು ಅಗಲವಾಗಿ ಕಾಣಬಹುದು. ಗಾಬರಿಯಾಗಿ ಹತ್ತಿ, ರಾಳ ಎಲ್ಲ ತುರುಕಬೇಡಿ. ಮರ ಮತ್ತೆ ಉಬ್ಬಿದಾಗ ಜಾಗವಿಲ್ಲದೆ ಹಲಗೆಗಳೇ ಮೊಳೆ ಕಿತ್ತು ಎದ್ದುಬರುತ್ತವೆ. ಮೊದಲು ಒದ್ದೆ ಗೋಣಿ ಹೊದಿಸಿ, ಒಳಗೆ ನೀರು ಚಿಮುಕಿಸುತ್ತಾ ಒಂದು ವಾರ ಹತ್ತು ದಿನ ಮರ ಕುಡಿಯಲಿ. ಆಮೇಲೂ ಉಳಿದ ಸಂದಿಗೆ ಮಾತ್ರ ಹತ್ತಿ ಹೊಡೆಯಿರಿ. ಮರ ಗಟ್ಟಿ ಇದ್ದರೆ ಹೊಳೆಯೊಳಗೆ ಬಲೆ ಬೀಸಲು, ಕೆಲಸ ಕಲಿಯಲು ಅದು ಸಾಕು. ಹನ್ನೆರಡು ವರ್ಷ ಮುಂಬೈಯಲ್ಲಿದ್ದವರು ನೇರ ಅಳಿವೆ ದಾಟುವ ಬದಲು ಒಂದು ಋತು ಹೊಳೆಯಲ್ಲೇ ಇರುವುದು ಒಳ್ಳೆಯದು ಎಂದರೆ ಬೇಜಾರು ಮಾಡಿಕೊಳ್ಳಬೇಡಿ.

ನೀವು ಕೇಳದ ಇನ್ನೊಂದು ಪ್ರಶ್ನೆ ಇದೆ: ಇಬ್ಬರಿಗೆ 28 ಅಡಿ ಯಾಕೆ? ಅಷ್ಟು ಉದ್ದದ ದೋಣಿ ನಾಲ್ಕೈದು ಜನರ ಲೆಕ್ಕದ್ದು. ಬಲೆ ಎಳೆಯುವಾಗ ಒಬ್ಬ ಇಂಜಿನ್ ಹಿಡಿದರೆ ಉಳಿದವನೊಬ್ಬ. ತೂಫಾನ್ ಎದ್ದಾಗ ಮೇಲಕ್ಕೆ ಎಳೆಯಲು ಊರವರನ್ನೆಲ್ಲ ಕೂಗಬೇಕು. ಹತ್ತಿರದ ಕಂತಬಲೆಗೆ, ಇಬ್ಬರು ಮೂವರಿಗೆ 20-22 ಅಡಿ ಸಾಕು. ಉದ್ದಕ್ಕಿಂತ ಅಗಲ, ಅಂಚಿನ ಎತ್ತರ ಮುಖ್ಯ. ಅಂಚಿನ ಒಂದೇ ಪಕ್ಕಕ್ಕೆ ಇಬ್ಬರೂ ಬಂದು ನಿಂತು ಬಲೆ ಎಳೆಯುವ ಹಾಗೆ ಮಾಡಿ ನೋಡಿ. ನೀರಿಗೂ ಅಂಚಿಗೂ ಎಷ್ಟು ಅಂತರ ಉಳಿಯುತ್ತದೆ ಎಂದು ಅಳೆಯಿರಿ. ಒದ್ದೆ ಬಲೆ, ಮಂಜುಗಡ್ಡೆ, ಬಂಗುಡೆ ತುಂಬಿದ ಮೇಲೆ ಅದು ಇನ್ನೂ ಕಡಿಮೆಯಾಗುತ್ತದೆ.

ಹಿಂದೆ ಮುಂದೆ ಇರುವ ಮುಚ್ಚಿದ ಡಬ್ಬಿಗಳೊಳಗೆ ತೇಲುವ ಫೋಮ್ ಇದೆಯೇ, ಬರೀ ಗಾಳಿಯೇ ಎಂದೂ ಕೇಳಿ. ಬರೀ ಗಾಳಿಯಾದರೆ ಒಂದು ಬಿರುಕು ಸಾಕು, ನೀರು ತುಂಬಿ ದೋಣಿ ತಳ ಸೇರುತ್ತದೆ. ಮರದ ದೋಣಿ ಮಗುಚಿದರೂ ಹಿಡಿದುಕೊಳ್ಳಲು ತೇಲುತ್ತಿರುತ್ತದೆ. ಫೋಮ್ ಇಲ್ಲದ ಫೈಬರ್ ತೇಲುವುದಿಲ್ಲ. ಹಿರಿಯರಿಗೆ ಫೈಬರ್ ಮೇಲಿರುವ ಅನುಮಾನಕ್ಕೆ ಇದು ನ್ಯಾಯವಾದ ಕಾರಣ.

ಇಂಜಿನ್ ವಿಚಾರಕ್ಕೆ ಬರೋಣ. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇದೆ. 10 ಅಶ್ವಶಕ್ತಿಯವರೆಗಿನ ಮೋಟಾರಿನ ನಾಡದೋಣಿಗೆ ಅದು ಅನ್ವಯಿಸುವುದಿಲ್ಲ. ಮಳೆಗಾಲದ ಸಿಗಡಿ ಸೀಸನ್ ನಿಮಗೆ ಬೇಕು ಎಂದಾದರೆ 9.9ರ ಮೇಲೆ ಹೋಗಬೇಡಿ. ಇಂಜಿನ್ ಕಾಲಿನ ಉದ್ದವೂ ಹಲಗೆಗೆ ಹೊಂದಬೇಕು: ಗಿಡ್ಡ ಕಾಲಿಗೆ ಸುಮಾರು 15 ಇಂಚಿನ ಹಲಗೆ, ಉದ್ದ ಕಾಲಿಗೆ 20. ತಪ್ಪಿದರೆ ನೀರು ತಳ್ಳುವ ಫ್ಯಾನ್ ಗಾಳಿ ಕಚ್ಚುತ್ತದೆ, ಇಲ್ಲವೇ ಸುಮ್ನೆ ಎಣ್ಣೆ ಕುಡಿಯುತ್ತದೆ.

ಸೀಮೆಎಣ್ಣೆ ಇಂಜಿನ್ ಕೆಟ್ಟದ್ದೇನಲ್ಲ. ಒರಟು, ಊರಲ್ಲೇ ರಿಪೇರಿಯಾಗುತ್ತದೆ. ಆದರೆ ಸಬ್ಸಿಡಿ ಸೀಮೆಎಣ್ಣೆ ಹೊತ್ತಿಗೆ ಸರಿಯಾಗಿ ಸಿಗುವುದಿಲ್ಲ ಎಂಬ ಗೋಳು ಕರಾವಳಿಯಲ್ಲಿ ವರ್ಷಗಳಿಂದ ಇದೆ. ದೋಣಿ ಕೊಂಡರೆ ಸೀಮೆಎಣ್ಣೆಯ ಪರ್ಮಿಟ್ಟೂ ಬರುತ್ತದೆ ಎಂಬ ಮಾತನ್ನು ಮಾರುವವರ ಬಾಯಿಂದ ನಂಬಬೇಡಿ. ಮೀನುಗಾರಿಕೆ ಇಲಾಖೆಯ ಕಚೇರಿಗೇ ಹೋಗಿ, ನೋಂದಣಿ ಯಾರ ಹೆಸರಲ್ಲಿದೆ, ವರ್ಗಾವಣೆ ಹೇಗೆ, ಪೆಟ್ರೋಲ್ ಇಂಜಿನ್ನಿಗೆ ಬದಲಾಯಿಸಲು ಸಹಾಯಧನ ಇದೆಯೇ ಎಂದು ಕೇಳಿ. ಪೆಟ್ರೋಲಿನ ನಾಲ್ಕು ಸ್ಟ್ರೋಕ್ ಇಂಜಿನ್ ಕಡಿಮೆ ಕುಡಿಯುತ್ತದೆ, ಹೊಗೆ ಕಡಿಮೆ. ಆದರೆ ತೂಕ ಜಾಸ್ತಿ, ಅದೇ ಹಿಂಬದಿ ಹಲಗೆಯ ಮೇಲೇ ಆ ತೂಕ. ಇನ್ನೊಂದು ತೊಂದರೆ ಎಥನಾಲ್. ಈಗಿನ ಪೆಟ್ರೋಲಿನಲ್ಲಿ ಅದು ಬೆರೆತಿರುತ್ತದೆ, ಕಡಲ ತೇವ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ನೀರು, ಎಥನಾಲ್ ಸೇರಿ ತಳಕ್ಕೆ ಕೂರುತ್ತದೆ. ಇಂಜಿನ್ ಮೊದಲು ಕುಡಿಯುವುದು ಅದನ್ನೇ. ದೋಣಿ ನಿಲ್ಲಿಸುವ ದಿನಗಳಲ್ಲಿ ಟ್ಯಾಂಕ್ ಖಾಲಿ ಇಡಿ.

ದಿನದ ಆರೈಕೆ ಸಣ್ಣದೇ. ಬಂದ ಕೂಡಲೇ ಐದು ಹತ್ತು ನಿಮಿಷ ಸಿಹಿನೀರಿನಲ್ಲಿ ಇಂಜಿನ್ ಓಡಿಸಿ. ಸೀಮೆಎಣ್ಣೆ ಇಂಜಿನ್ ನಿಲ್ಲಿಸುವ ಮುಂಚೆ ಸ್ವಲ್ಪ ಹೊತ್ತು ಪೆಟ್ರೋಲಿನಲ್ಲಿ ಓಡಲಿ, ಮರುದಿನ ಹಗ್ಗ ಎಳೆದು ತೋಳು ನೋಯುವುದಿಲ್ಲ. ಓಡುವಾಗ ಪಕ್ಕದಿಂದ ಚಿಮ್ಮುವ ನೀರಿನ ಎಳೆ ಸಣ್ಣದಾದರೆ ಪಂಪಿನ ರಬ್ಬರ್ ಚಕ್ರ ಹೋಗಿರಬಹುದು, ಅದನ್ನು ವರ್ಷಕ್ಕೊಮ್ಮೆ ಬದಲಿಸಿ. ಗೇರ್ ಎಣ್ಣೆ ಹಾಲುಬಿಳಿಯಾಗಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಫ್ಯಾನ್ ಬಿಚ್ಚಿ ನೋಡಿ, ಹತ್ತಕ್ಕೆ ಎಂಟು ಸಲ ಒಳಗೆ ಬಲೆಯ ದಾರ ಸುತ್ತಿಕೊಂಡಿರುತ್ತದೆ. ಕೆಳಕಾಲಿಗೆ ಕಚ್ಚಿಸಿದ ಸತುವಿನ ತುಂಡಿಗೆ ಬಣ್ಣ ಬಳಿಯಬೇಡಿ. ಅದು ತಾನು ಸವೆದು ಇಂಜಿನ್ ಉಳಿಸಲಿಕ್ಕೇ ಇರುವುದು. ಮಳೆಗಾಲದಲ್ಲಿ ದೋಣಿಯನ್ನು ಹಿಂದಕ್ಕೆ ಓರೆ ಮಾಡಿ, ನೀರಿನ ಬೂಚು ತೆಗೆದಿಡಿ. ಲೈಫ್ ಜಾಕೆಟ್ ಮೈಮೇಲಿರಲಿ, ಅಳಿವೆ ದಾಟುವಾಗಲಂತೂ. ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093 ಇಬ್ಬರ ಮೊಬೈಲಿನಲ್ಲೂ ಇರಲಿ.

ಒಟ್ಟಿನಲ್ಲಿ ನನ್ನ ಸಲಹೆ ಕೇಳಿದರೆ: ಆ 28 ಅಡಿಯದನ್ನು ಹಲಗೆ ಗಟ್ಟಿ ಇದ್ದರೂ ನಾನು ನಿಮಗಾಗಿ ಕೊಳ್ಳುವುದಿಲ್ಲ. ಇಬ್ಬರಿಗೆ ಅದು ದೊಡ್ಡದು. ಅಪ್ಪನ ದೋಣಿ ನೆನೆಸಿ ಈ ವರ್ಷ ಹೊಳೆಯಲ್ಲಿ ಇಳಿಸಿ. ಅಷ್ಟರಲ್ಲಿ ಬಣ್ಣ ಹೊಡೆಯದ 20-22 ಅಡಿಯ ಹಳೇ ಫೈಬರ್ ಹುಡುಕಿ, ಇಲ್ಲವೇ ಹೊಸದು ಮಾಡಿಸಿ. ಮಾಡಿಸುವುದಾದರೆ ಪದರ ಹಾಕುವ ದಿನ, ಅದರಲ್ಲೂ ಹಿಂಬದಿ ಹಲಗೆ ಕೂರಿಸುವ ದಿನ, ಯಾರ್ಡಿನಲ್ಲಿ ಹೋಗಿ ನಿಲ್ಲಿ. ಬೋಲ್ಟ್ ತೂತುಗಳ ಒಳಗೆ ರೆಸಿನ್ ಬಳಿದದ್ದನ್ನು ಕಣ್ಣಾರೆ ನೋಡಿಯೇ ಬನ್ನಿ.

ತಂಗಿಗೆ ಹೇಳಿ: ಒಳಗೆ ತಿಳಿ ಬಣ್ಣ, ಬರಿಗಾಲು ಸುಡುವುದಿಲ್ಲ. ಹೊರಗೆ ಕಿತ್ತಳೆಯೋ ಹಳದಿಯೋ, ಅಲೆಗಳ ನಡುವೆ ದೂರಕ್ಕೆ ಕಾಣುವುದು ಅವೇ. ನೋಂದಣಿ ನಂಬರ್ ಬರೆಯುವ ಜಾಗದಲ್ಲಿ ಮಾತ್ರ ಹೂವಿನ ಚಿತ್ರ ಬೇಡ.